ಕೆಂಪಿಗೆ ತಿರುಗಿದ ಚಿನ್ನ

ಬಹಳ ಬಹಳ ಹಿಂದೆ ಮಬ್ಬೂರೆಂಬ ಒಂದು ರಾಜ್ಯವಿತ್ತು. ಅಲ್ಲಿ ಹಗಲಲ್ಲೂ ದೀಪ ಹಚ್ಚಬೇಕಿತ್ತು, ಹಬ್ಬದ ದಿನವೂ ಯಾವುದಾದರೂ ಮನೆಯಿಂದ ಅಳು ಕೇಳುತ್ತಿತ್ತು. ಕರಾಳಕನೆಂಬ ಮಾಂತ್ರಿಕ ಜನರ ಮೈಯೊಳಗೆ ನೆರಳಿನ ಏಡಿಗಳನ್ನು ಬಿಡುತ್ತಿದ್ದ. ಏಡಿ ಒಳಗೊಳಗೇ ತಿನ್ನುತ್ತಿತ್ತು; ಹೊರಗೆ ಒಂದು ಗುರುತೂ ಇರುತ್ತಿರಲಿಲ್ಲ.

ಅಕ್ಕಸಾಲಿಗ ಸೋವಣ್ಣನ ತಾಯಿ ಹಾಗೆಯೇ ತೀರಿಕೊಂಡಳು. ಈಗ ತಂಗಿ ಪದುಮಲೆ ಹಾಸಿಗೆ ಹಿಡಿದಿದ್ದಳು.

"ಕೊಯ್ದು ತೆಗೀಬಲ್ಲೆ ಮಗಾ, ಆದ್ರೆ ಎಲ್ಲಿ ಅಂತ ಕೊಯ್ಲಿ?" ಎಂದಳು ಮುದಿ ವೈದ್ಯೆ ಬಾಚವ್ವೆ. "ಚಿನ್ನಾನ ಕಣ್ಣಿಗೆ ಕಾಣದಷ್ಟು ನುಣ್ಣಗೆ ಅರೆ. ಅದು ನೆತ್ತರಲ್ಲಿ ಹರಿದು, ಏಡಿ ಕೂತಲ್ಲಿ ಬೆಳಗ್ತದೆ."

ತಾಯಿ ಬಿಟ್ಟುಹೋದದ್ದು ಎರಡು ಓಲೆ, ಒಂದು ಮೂಗುಬೊಟ್ಟು. ಸೋವಣ್ಣ ಮೊದಲ ಓಲೆ ಅರೆದ. ಬಾಚವ್ವೆ ಬೆರಳಲ್ಲಿ ಉಜ್ಜಿ ನೋಡಿ, "ಇನ್ನೂ ರವೆ ರವೆ ಐತೆ, ನರದಲ್ಲಿ ಸಿಕ್ಕಿ ಕೂಸು ಸಾಯ್ತದೆ" ಎಂದು ಚೆಲ್ಲಿದಳು.

ಎರಡನೆಯ ಓಲೆಯನ್ನು ರಟ್ಟೆ ಬಿದ್ದುಹೋಗುವಂತೆ ಅರೆದ. ನೀರಿಗೆ ಹಾಕಿದರೆ ಚಿನ್ನ ದಾಳಿಂಬೆಯ ಹಾಗೆ ಕೆಂಪಾಯಿತು! ಕೆಂಪೆಂದರೆ ತಾಮ್ರದ ಬೆರಕೆ ಎಂದೇ ಅಕ್ಕಸಾಲಿಗರ ಲೆಕ್ಕ. ಸಿಟ್ಟಿನಿಂದ ಬಚ್ಚಲಿಗೆ ಸುರಿದುಬಿಟ್ಟ.

ಬಾಚವ್ವೆ ಹಣೆ ಹಣೆ ಬಡಿದುಕೊಂಡಳು. "ಅಯ್ಯೋ ಮಂಕೇ! ಅಷ್ಟು ನುಣ್ಣಗಾದ ಚಿನ್ನ ಕೆಂಪಗೇ ಕಾಣೋದು!"

ಅಂದು ಪದುಮಲೆಗೆ ಅಣ್ಣನ ಗುರುತೂ ಸಿಗಲಿಲ್ಲ. ಸೋವಣ್ಣ ಗೋಡೆಗೆ ಮುಖ ಮಾಡಿ ಅತ್ತ.

ಉಳಿದದ್ದು ಮೂಗುಬೊಟ್ಟು. ಅದನ್ನೂ ಅರೆದ, ಕೆಂಪಾಯಿತು. "ಬರೀ ಚಿನ್ನ ಮೈಯೆಲ್ಲಾ ಅಲೀತದೆ," ಎಂದಳು ಬಾಚವ್ವೆ. "ಏಡಿ ಚಿಪ್ಪಿನ ಪುಡಿ ಬೆರೆಸಿದ್ರೆ ಏಡೀನೇ ಹುಡುಕಿ ಹಿಡೀತದೆ. ಮುಳ್ಳನ್ನ ಮುಳ್ಳಿಂದಲೇ ತೆಗೀಬೇಕು."

ಮಾಂತ್ರಿಕ ಏಡಿ ಸಾಕುತ್ತಿದ್ದ ಕಪ್ಪು ಕೊಳಕ್ಕೆ ಸೋವಣ್ಣ ಇಳಿದ. ಕೊಳ ಕಾಯುವ ದೊಡ್ಡ ಏಡಿ ಅವನ ಕೈ ಕಚ್ಚಿತು. ಕಿರುಬೆರಳು ಅದರ ಬಾಯಲ್ಲಿ ಉಳಿಯಿತು, ಚಿಪ್ಪಿನ ಚೂರು ಇವನ ಮುಷ್ಟಿಯಲ್ಲಿ ಉಳಿಯಿತು.

ಬಾಚವ್ವೆ ಚಿಪ್ಪಿನ ಪುಡಿ ಬೆರೆಸಿದ ಆ ಕೆಂಪು ನೀರನ್ನು ಪದುಮಲೆಯ ನರಕ್ಕೆ ಬಿಟ್ಟು, ಬಾಗಿಲು ಮುಚ್ಚಿ ದೀಪ ಹಿಡಿದಳು. ಎಡ ಪಕ್ಕೆಯ ಕೆಳಗೆ, ಕಾಲು ಮಡಚಿ ಮಲಗಿದ್ದ ಏಡಿ ಕೆಂಡದಂತೆ ಬೆಳಗಿತು. ಅಲ್ಲಿಯೇ ಕೊಯ್ದಳು, ತೆಗೆದು ಒಲೆಗೆಸೆದಳು.

ಊರವರು ತಂದುಕೊಟ್ಟ ಒಡವೆಗಳನ್ನೂ ಸೋವಣ್ಣ ಅರೆದು, ಉಳಿದ ಚಿಪ್ಪಿನ ಪುಡಿಯನ್ನು ಚಿಟಿಕೆ ಚಿಟಿಕೆ ಬೆರೆಸಿದ. ಕರಾಳಕನ ಜೀವ ಆ ಏಡಿಗಳಲ್ಲೇ ಹಂಚಿಹೋಗಿತ್ತು. ಮನೆ ಮನೆಗೂ ಕೆಂಪು ಚಿನ್ನ ಹೋದ ಹಾಗೆ ಅವನು ಬತ್ತುತ್ತ ಬಂದು, ಕೊನೆಯ ಏಡಿಯೊಂದಿಗೆ ಬೂದಿಯಾದ. ಮಬ್ಬೂರಿಗೆ ಬಿಸಿಲು ಬಂತು.

ಆ ಬಿಸಿಲಲ್ಲಿ ತಂಗಿ ತಲೆಗೂದಲು ಒಣಗಿಸುವುದನ್ನು ನೋಡಿ ಸೋವಣ್ಣನಿಗೆ ದುಃಖ ಒತ್ತರಿಸಿತು. "ಅವ್ವ ಇನ್ನೊಂದು ವರ್ಷ ತಡೆದಿದ್ರೆ..."

ಪದುಮಲೆ ಅವನ ಕೈ ಹಿಡಿದು ಎಬ್ಬಿಸಿದಳು. "ಉಣ್ಣು ಬಾ ಅಣ್ಣಾ, ಆರಿ ಹೋಗ್ತದೆ."

ಅಣ್ಣ ತಂಗಿ ಉಂಡರು. ಮಬ್ಬೂರಿನವರೆಲ್ಲ ಉಂಡುಟ್ಟು ಸುಖವಾಗಿದ್ದರು, ಸತ್ತವರಿಗೊಂದು ಎಲೆ ಹಾಕಿಯೇ.