ಸತ್ತ ಚೆಂಡು

ಇದು ನಡೆದ ಕತೆ. ಗಾಲ್ಫ್‌ನಲ್ಲಿ ಹೊಡೆಯುವುದಕ್ಕಿಂತ ನಡೆಯುವುದೇ ಹೆಚ್ಚು, ಹಾಗಾಗಿ ಗಾಲ್ಫಿನ ಕತೆಗಳೆಲ್ಲ ಹೇಗೂ ನಡೆದವೇ. ಇದರಲ್ಲಿ ನಡೆದುಹೋದ ಒಬ್ಬರು ಮರಳಿ ಬರಲಿಲ್ಲ, ಅಷ್ಟೇ ವ್ಯತ್ಯಾಸ.

ಹಲ್ಲಿನ ಡಾಕ್ಟರಿಗೆ ಭಾವನ ಮೇಲಿದ್ದ ಸಿಟ್ಟು ಹುಳುಕು ಹಲ್ಲಿನಂಥದ್ದು. ಹೊರಗೆ ಬಿಳಿ, ನಗುವಾಗ ಎದ್ದು ಕಾಣುವಷ್ಟು ಚೆಂದ. ಕೀವೆಲ್ಲ ಬೇರಿನಲ್ಲಿ. ಆ ಬೇರು ಇಳಿದದ್ದು ಕ್ಲಬ್ಬಿನ ಕಪ್ಪಿನ ಫೈನಲ್ ದಿನ. ಎದುರಾಳಿ ಅಕ್ಕನ ಗಂಡನೇ: ಸರ್ವೇ ಇಲಾಖೆಯಿಂದ ನಿವೃತ್ತರಾಗಿ, ನೆಲ ಅಳೆಯುವುದನ್ನು ಬಿಟ್ಟು ಜನರನ್ನು ಅಳೆಯತೊಡಗಿದ್ದ, ಕ್ಲಬ್ಬಿನ ನಿಯಮ ಸಮಿತಿಯ ಅಧ್ಯಕ್ಷರು. ಕೊನೆಯ ಗುಳಿಯ ಸುತ್ತಲಿನ ಹುಲ್ಲುಹಾಸಿನ, ಅಂದರೆ ಗ್ರೀನಿನ, ಪಕ್ಕದಲ್ಲಿ ಗಾಲಿಕುರ್ಚಿಯ ಮೇಲೆ ಅಪ್ಪ ಕೂತಿದ್ದ. ಕ್ಲಬ್ಬಿನಲ್ಲಿ ಗೆದ್ದವರ ಹೆಸರು ಬರೆಯುವ ಹಲಗೆಯ ಮೇಲೆ ಅಪ್ಪನ ಹೆಸರು ಎಂದೋ ಬಿದ್ದಿತ್ತು. ಅದರ ಕೆಳಗೆ ಮಗನದ್ದು ನೋಡಿ ಕಣ್ಣು ಮುಚ್ಚಬೇಕು ಅನ್ನುವುದು ಮುದುಕನ ಆಸೆ.

ಕೊನೆಯ ಗುಳಿಗೆ ಮಗ ಹೊಡೆದ ಚೆಂಡು ಪೊದೆಯ ಕಡೆ ಹಾರಿತು. ಸಿಗುವುದು ಅನುಮಾನ. ಇಂಥ ಹೊತ್ತಿಗೆ ಅಂತಲೇ ಒಂದು ನಿಯಮವಿದೆ. ಕಳೆದಿರಬಹುದು ಅನ್ನಿಸಿದರೆ ಅಲ್ಲೇ ನಿಂತು ಎರಡನೆಯ ಚೆಂಡು ಹೊಡೆದಿಟ್ಟುಕೊಳ್ಳಬಹುದು. ಆದರೆ ಹೊಡೆಯುವ ಮುಂಚೆ, ಇದು ಪ್ರಾವಿಷನಲ್ ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದರೆ, ಹುಡುಕಿದಾಗ ಮೊದಲನೆಯದು ಸಿಕ್ಕರೆ ಅದರಲ್ಲೇ ಆಟ. ಹೇಳದೆ ಹೊಡೆದರೆ ಆ ಕ್ಷಣಕ್ಕೇ ಮೊದಲನೆಯದು ಸತ್ತಂತೆ. ಆಮೇಲೆ ಕಣ್ಣೆದುರಿಗೇ ಬಿದ್ದಿದ್ದರೂ ಅದನ್ನು ಮುಟ್ಟುವ ಹಾಗಿಲ್ಲ.

ಅವನು ಅಂದದ್ದು, "ಹಾಳಾಗ್ಹೋಗ್ಲಿ, ಇನ್ನೊಂದು ಹೊಡೀತೀನಿ."

ಮೊದಲನೆಯ ಚೆಂಡು ಸಿಕ್ಕಿತು. ಮರಕ್ಕೆ ಬಡಿದು ಹೊರಗೆ ಚಿಮ್ಮಿ, ಗ್ರೀನಿನ ಅಂಚಿನಲ್ಲಿ ಕೂಸಿನ ಹಾಗೆ ಮಲಗಿತ್ತು. ಅವನು ಕುಣಿಯುತ್ತ ಹೋದ. ಭಾವ ಕೈ ಅಡ್ಡ ಹಿಡಿದರು.

"ಅದು ಸತ್ತಿದೆ ಡಾಕ್ಟ್ರೇ. ನೀವೇ ಕೊಂದ್ರಿ."

"ಏನ್ ಭಾವ ನೀವು! ಒಂದು ಮಾತಿಗೆ..."

"ಒಂದೇ ಮಾತು ಕಣಯ್ಯ. ಅದನ್ನೇ ಹೇಳ್ಲಿಲ್ಲ ನೀನು."

ಅವನು ಅಪ್ಪನ ಕಡೆ ನೋಡಿದ. ಅಪ್ಪ ನಗುತ್ತಿದ್ದ. "ಅಳಿಯ ಹೇಳಿದ್ದೇ ಸರಿ ಕಣೋ. ಪ್ರಾವಿಷನ್ ಸ್ಟೋರಿಗೆ ದಿನಾ ಹೋಗ್ತೀಯ, ಪ್ರಾವಿಷನಲ್ ಅನ್ನೋಕೆ ಬರ್ಲಿಲ್ವಾ?" ಕೆಮ್ಮು ಬರುವವರೆಗೂ ನಕ್ಕ. ಅಪ್ಪ ನಕ್ಕದ್ದನ್ನು ಅವನು ನೋಡಿದ್ದು ಅದೇ ಕೊನೆ. ಹಲಗೆಯ ಮೇಲೆ ಅಪ್ಪನ ಹೆಸರಿನ ಕೆಳಗೆ ಅಳಿಯನ ಹೆಸರು ಬಂತು.

ಅಷ್ಟಕ್ಕೇ ಬಿಟ್ಟಿದ್ದರೂ ಹಲ್ಲು ಕಚ್ಚಿಕೊಂಡು ಇರುತ್ತಿದ್ದನೇನೋ. ಭಾವ ಬಿಡಲಿಲ್ಲ. ಕ್ಲಬ್ಬಿನ ಊಟ, ನೆಂಟರ ಮನೆ, ಆಸ್ಪತ್ರೆಯ ವರಾಂಡ, ಎಲ್ಲಿ ಸಿಕ್ಕಿದರೂ ಅದೇ ಕತೆ, ಅವನ 'ಹಾಳಾಗ್ಹೋಗ್ಲಿ' ಮಾತಿನ ಸಮೇತ. ಕತೆ ಮುಗಿದ ಮೇಲೆ ಭಾವನ ನಗು: ಮೂರು ಹ್ಹ, ಆಮೇಲೆ ಮೂಗಿನೊಳಗೆ ಎಳೆದುಕೊಳ್ಳುವ ಒಂದು ಗೊರಕೆ. ಕೇಳಿದವರು ನಕ್ಕರು, ಅಕ್ಕ ನಕ್ಕಳು. ಎಲ್ಲರಿಗಿಂತ ಜೋರಾಗಿ ನಗುವುದನ್ನು ಅವನೂ ಕಲಿತ.

ಅವನಿಗೊಂದು ವಿದ್ಯೆಯಿತ್ತು. ಸ್ಕೂಲಿನಲ್ಲಿ ಹೆಡ್‌ಮಾಸ್ಟರ ದನಿಯಲ್ಲಿ ಗದರಿಸಿ ಪಕ್ಕದ ಕ್ಲಾಸನ್ನೇ ಎದ್ದು ನಿಲ್ಲಿಸಿದವನು. "ನಿನ್ನ ಗಂಟಲಲ್ಲಿ ಒಂದು ಊರೇ ಬಾಡಿಗೆಗೆ ಇದೆ ಕಣೋ ಪುಟ್ಟ" ಎನ್ನುತ್ತಿದ್ದಳು ಅಕ್ಕ. ಆ ಊರಿನಲ್ಲಿ ಭಾವನಿಗೆ ಮಾತ್ರ ಅವನು ಮನೆ ಕೊಟ್ಟಿರಲಿಲ್ಲ. ಯಾರೆದುರಿಗೂ ಒಮ್ಮೆಯೂ ಭಾವನ ದನಿ ತೆಗೆದಿರಲಿಲ್ಲ. ಈಗ ಅದೇ ಅನುಕೂಲವಾಯಿತು. ಗಿರಾಕಿಗಳು ಹೋದ ಮೇಲೆ, ಕ್ಲಿನಿಕ್ಕಿನ ಬಾಗಿಲು ಹಾಕಿಕೊಂಡು, ಖಾಲಿ ಕುರ್ಚಿಯ ಎದುರು ನಿಂತು ಅಭ್ಯಾಸ ಮಾಡಿದ. ಮೊದಲು ಕೆಮ್ಮು, ಆಮೇಲೆ ಕುಶಾಲು, ಆಮೇಲೆ ನಗು, ಕೊನೆಗೆ ಗೊರಕೆ. ಒಂದು ಸಂಜೆ ಆ ಕುರ್ಚಿಯಲ್ಲಿ ಯಾರೋ ಕೂತು ಕೇಳುತ್ತಿದ್ದಾರೆ ಅನ್ನಿಸಿ ದೀಪ ಹಾಕಿದ. ಯಾರೂ ಇರಲಿಲ್ಲ. ದನಿ ಅಷ್ಟು ಚೆನ್ನಾಗಿ ಬಂದಿತ್ತು.

ಒಂದೊಂದು ಗುಳಿಗೂ ಆಟ ಶುರುಮಾಡುವ ದಿಣ್ಣೆಗೆ ಟೀ ಅನ್ನುತ್ತಾರೆ. ಕುಡಿಯುವ ಟೀ ಸಿಗುವುದು ಕ್ಲಬ್ಬಿನ ಕಟ್ಟಡದಲ್ಲಿ. ಅವನ ಯೋಜನೆಗೆ ಎರಡೂ ಬೇಕಿದ್ದವು. ಚಳಿಗಾಲದ ಬೆಳಗ್ಗೆ ಭಾವ ಒಬ್ಬರೇ ಆಡಲು ಬರುತ್ತಿದ್ದರು. ಆರನೆಯ ಗ್ರೀನಿನಿಂದ ಏಳನೆಯ ಟೀಗೆ ಹೋಗುವ ದಾರಿ ಪಾಳುಬಿದ್ದು ನೀರು ತುಂಬಿದ ಕಲ್ಲುಕ್ವಾರಿಯ ಅಂಚಿನಲ್ಲೇ ಸಾಗುತ್ತದೆ. ಮುಂದೆ ಅದೇ ಅಂಚಿಗೆ ಪೊದೆ. ಚೆಂಡು ಹುಡುಕುತ್ತ ಪೊದೆಯೊಳಗೆ ಕಾಲಿಟ್ಟವನು ಜಾರಿದರೆ ಕ್ವಾರಿಗೆ, ಯಾರೂ ಪ್ರಶ್ನೆ ಕೇಳುವುದಿಲ್ಲ.

ಸಾಕ್ಷಿಯನ್ನೂ ಅವನೇ ಆರಿಸಿದ್ದ. ಬ್ಯಾಂಕ್ ಮ್ಯಾನೇಜರು ಹೊಸದಾಗಿ ಕ್ಲಬ್ಬಿಗೆ ಸೇರಿದವರು. ಚೆಂಡಿಗೆ ಬೀಳದ ಏಟು ನಾಲ್ಕು ಜನ ನೋಡಬಾರದೆಂದು ಮಂಜಿನಲ್ಲೇ ಬಂದು, ಭಾವನ ಹಿಂದೆ ಹಿಂದೆ ಆಡುತ್ತಿದ್ದರು. ಭಾವನ ದನಿ ಗೊತ್ತು, ಆಟ ಗೊತ್ತಿಲ್ಲ. ಇಂಥ ಸಾಕ್ಷಿಯನ್ನು ಹೇಳಿ ಮಾಡಿಸಿದರೂ ಸಿಗುವುದಿಲ್ಲ ಅನ್ನಿಸಿತು ಅವನಿಗೆ.

ಆ ಬೆಳಗ್ಗೆ ಮಂಜು ಹತ್ತಿಯ ಹಾಗೆ ಬಾಯಿಗೇ ತುಂಬಿಕೊಳ್ಳುತ್ತಿತ್ತು. ದಾರಿಯಲ್ಲಿ ಅವನನ್ನು ಕಂಡು ಭಾವ ಬೆರಗಾದರು.

"ಏನ್ ಡಾಕ್ಟ್ರೇ, ಇಷ್ಟು ಬೇಗ? ಯಾರ್ದು ಹಲ್ಲು ಕೀಳೋಕೆ?"

ಅವನು ಎರಡೂ ಕೈ ಮುಂದೆ ಚಾಚಿ ತಳ್ಳಿದ. ಭಾವ ಕೂಗಲಿಲ್ಲ, ಅಷ್ಟೆಲ್ಲ ಮಾತಾಡುತ್ತಿದ್ದ ಮನುಷ್ಯ ಬೀಳುವಾಗ ಒಂದು ಮಾತೂ ಆಡಲಿಲ್ಲ. ಕೆಳಗೆ ನೀರು ಮಾತ್ರ ಒಮ್ಮೆ ಬಾಯಿ ತೆರೆದು ಮುಚ್ಚಿಕೊಂಡಿತು.

ಉಳಿದದ್ದೆಲ್ಲ ಬರೆದಿಟ್ಟ ಹಾಗೆ ನಡೆಯಿತು. ಭಾವನ ಚೀಲವನ್ನು ಟೀಗೆ ಎಳೆದುಕೊಂಡು ಹೋದ. ಭಾವನ ಚೆಂಡುಗಳಿಗೆಲ್ಲ ಹಸಿರು ಚುಕ್ಕೆ ಇರುತ್ತಿತ್ತು. ತನ್ನ ಚೆಂಡಿಗೆ ತನ್ನ ಗುರುತು ಇರಲಿ ಅನ್ನುವುದೂ ಅವರ ನಿಯಮವೇ. ಕೈಗೆ ಗವಸಿತ್ತು, ಗಾಲ್ಫ್ ಆಡುವವನ ಗವಸನ್ನು ಯಾರು ಅನುಮಾನಿಸುತ್ತಾರೆ? ಹಿಂದಿನ ಗ್ರೀನಿನಿಂದ ಮ್ಯಾನೇಜರ ದನಿ ಬಂತು: "ಗುಡ್ ಮಾರ್ನಿಂಗ್ ಸಾರ್!"

"ಮುಖಾನೇ ಕಾಣ್ತಿಲ್ಲ, ಮಾರ್ನಿಂಗ್ ಎಲ್ಲಿಂದ ಬಂತ್ರೀ?" ಎಂದ ಅವನು, ಭಾವನ ದನಿಯಲ್ಲಿ. ಮಂಜಿನೊಳಗೆ ಮ್ಯಾನೇಜರು ನಕ್ಕರು.

ಚೀಲದಿಂದ ತೆಗೆದ ಮೊದಲನೆಯ ಚೆಂಡನ್ನು ಪೊದೆಯ ಕಡೆಗೇ ಹೊಡೆದ. ಚೆಂಡು ಕಳೆದವನು ಗೊಣಗುವ ಹಾಗೆ ಗಟ್ಟಿಯಾಗಿ ಗೊಣಗಿದ. ಆ ಗೊಣಗನ್ನು ಅಭ್ಯಾಸ ಮಾಡಿರಲಿಲ್ಲ; ಭಾವನ ಬಾಯಲ್ಲಿ ಅದನ್ನು ಎಷ್ಟು ಸಲ ಕೇಳಿದ್ದನೆಂದರೆ, ಗಂಟಲಿನಿಂದ ತಾನಾಗಿಯೇ, ಏರಿಳಿತದ ಸಮೇತ ಬಂತು. ಎರಡನೆಯ ಚೆಂಡನ್ನು ನೇರಕ್ಕೆ ಹೊಡೆದು, ಚೀಲವನ್ನು ಪೊದೆಯ ಬಾಯಲ್ಲಿ ನಿಲ್ಲಿಸಿ, ಬೇಲಿಯ ಸಂದಿನಿಂದ ಕ್ಲಬ್ಬಿಗೆ ಬಂದ. ಚೀಲವಿದೆ, ಸಾರ್ ಇಲ್ಲ ಎಂದು ಮ್ಯಾನೇಜರು ಏದುಸಿರು ಬಿಡುತ್ತ ಓಡಿ ಬಂದಾಗ ಅವನು ಅಡುಗೆಯವರ ಜೊತೆ ಹರಟುತ್ತ ಟೀ ಊದಿಕೊಳ್ಳುತ್ತಿದ್ದ. ಎಲ್ಲರಿಗಿಂತ ಮೊದಲು ಕ್ವಾರಿಯ ಕಡೆ ಓಡಿದವನೂ ಅವನೇ.

ಇನ್ಸ್‌ಪೆಕ್ಟರಿಗೆ ಗಾಲ್ಫ್ ಅಂದರೆ ದೊಡ್ಡವರ ಗೋಲಿ. ದನಿ ಕೇಳಿದ ಹೊತ್ತು ಕೇಳಿದರು, ಚೆಂಡುಗಳ ಹಸಿರು ಚುಕ್ಕೆ ನೋಡಿದರು. ಒಂದು ಚೆಂಡು ಪೊದೆಗೆ, ಅದನ್ನು ಹುಡುಕಲು ಹೋದವರು ಕ್ವಾರಿಗೆ. ಮುಗಿಯಿತು.

ಮುಗಿಯಲಿಲ್ಲ. ಗಂಟಲಿಗೆ ಬಾಡಿಗೆಗೆ ಬಂದವರು ಖಾಲಿ ಮಾಡಲಿಲ್ಲ. "ಬಾಯಿ ತೆಗೀರಿ" ಎಂದರೆ ಅದು ಭಾವನ ದನಿಯಲ್ಲಿ ಬರುತ್ತಿತ್ತು. "ಗಂಟಲಿಗೆ ಏನಾಯ್ತು ಡಾಕ್ಟ್ರೇ?" ಎಂದು ಬಾಯಿ ತೆರೆದುಕೊಂಡೇ ಕೇಳಿದವರೂ ಇದ್ದರು. ಗಡ್ಡ ಹೆರೆಯುವಾಗ ಕನ್ನಡಿಯೊಳಗಿನಿಂದ ಭಾವನ ಕೆಮ್ಮು. ಅವನು ನಿಂತು ಕೇಳುತ್ತಿದ್ದ, ಕೆಮ್ಮಿದ್ದು ತಾನೋ ಅಲ್ಲವೋ ಎಂದು. ಅಕ್ಕನ ಎದುರು ಅವನು ಮಾತೇ ನಿಲ್ಲಿಸಿದ. "ದುಃಖಕ್ಕೆ ಬಾಯಿ ಕಟ್ಟಿದೆ ಪಾಪ" ಎಂದು ಅಕ್ಕನೇ ಅವನ ತಲೆ ಸವರಿದಳು.

ಕ್ಲಬ್ಬಿನಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು, ಅದೇ ಹಲಗೆಯ ಕೆಳಗೆ. ಅಕ್ಕ ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ಅವನು. ಒಬ್ಬೊಬ್ಬರೂ ಭಾವನ ಒಂದೊಂದು ಕುಶಾಲು ಹೇಳಿ, ನಕ್ಕು, ಕಣ್ಣೊರೆಸಿಕೊಂಡರು. ಕೊನೆಗೆ ಮ್ಯಾನೇಜರು ಎದ್ದರು.

"ನಾನು ಹೊಸಬ, ಆಟ ಗೊತ್ತಿಲ್ಲ. ಆದ್ರೆ ಸಾರ್ ಕೊನೇ ಮಾತು ಕೇಳಿಸಿಕೊಂಡೋನು ನಾನೇ. ಒಂದಕ್ಷರ ಮರೆತಿಲ್ಲ. ಚೆಂಡು ಪೊದೆಗೆ ಹೋಯ್ತು ಅನ್ಸುತ್ತೆ. 'ಹಾಳಾಗ್ಹೋಗ್ಲಿ, ಇನ್ನೊಂದು ಹೊಡೀತೀನಿ' ಅಂದ್ರು. ಇನ್ನೊಂದು ಹೊಡೆದ ಸದ್ದೂ ಕೇಳಿಸ್ತು. ಆಮೇಲೆ ಮೊದಲನೇದನ್ನ ಹುಡುಕೋಕೆ ಹೋದ್ರು, ಪಾಪ."

ಸಭೆ ಗೊಳ್ಳೆಂದಿತು. ಎಲ್ಲರಿಗೂ ಬಾಯಿಪಾಠವಾಗಿದ್ದ ಮಾತು ಅದು. ಸಾಯುವಾಗಲೂ ತಮಾಷೆ ಬಿಡಲಿಲ್ಲ ಮಹಾರಾಯ ಎಂದು ಯಾರೋ ತೊಡೆ ತಟ್ಟಿದರು. ಅಕ್ಕ ನಗಲಿಲ್ಲ. "ತಮಾಷೆಗೆ ಹೇಳಿರ್ಬಹುದು ಅಂತಲೇ ಇಟ್ಕೊಳ್ಳೋಣ," ಎಂದಳು ಮೆಲ್ಲಗೆ, ಲೆಕ್ಕ ಬಿಡಿಸುವವಳ ಹಾಗೆ. "ಹಾಗಂದು ಇನ್ನೊಂದು ಹೊಡೆದ ಮೇಲೆ ಮೊದಲನೇದು ಸತ್ತ ಹಾಗೆ. ಸತ್ತ ಚೆಂಡನ್ನ ಹುಡುಕ್ಕೊಂಡು ನಮ್ಮನೆಯವರು ಒಂದು ಹೆಜ್ಜೆನೂ ಇಡೋರಲ್ಲ. ಆ ಮಾತು ಆಡೋನು ನಮ್ಮನೇಲಿ ಒಬ್ನೇ ಇರೋದು..." ಅವಳು ತಿರುಗಿ ತಮ್ಮನ ಗಂಟಲನ್ನೇ ನೋಡಿದಳು. ನಗುತ್ತಿದ್ದವರು ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ಆ ನಿಶ್ಶಬ್ದದಲ್ಲಿ ಒಂದೇ ಒಂದು ನಗು ಉಳಿಯಿತು, ಎಲ್ಲಕ್ಕಿಂತ ಜೋರಾದದ್ದು. ಅವನು ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದರೂ ಅದು ಬೆರಳ ಸಂದಿನಿಂದ ಹೊರಗೆ ಬಂತು: ಮೂರು ಹ್ಹ, ಆಮೇಲೆ ಮೂಗಿನೊಳಗೆ ಎಳೆದುಕೊಂಡ ಒಂದು ಗೊರಕೆ.