ಲೇಡೀಸ್ ಗೇಟಿನ ಕಾಶಿಂಬಿ

“ಒಂದರ ಸಿನಿಮಾದ ಕತಿ ಪೂರಾ ಹೇಳ ದಾದಿಮಾ. ಎಲ್ಲಾ ಅರ್ಧಕ್ಕ ನಿಲ್ಲಸ್ತಿ.” ಫಿಜಾ ಪೆನ್ನನ್ನು ನೋಟ್‌ಬುಕ್ಕಿನ ಮೇಲೆ ಕುಕ್ಕಿದಳು.

ಅವಳ ಅಪ್ಪನ ತಾಯಿ ಕಾಶಿಂಬಿ ಶೇಂಗಾ ಸುಲಿಯುತ್ತ ಕುಳಿತಿದ್ದಳು. “ಆಮ್ಯಾಲ ಹೀರೋ ಬಂದ, ಫೈಟಿಂಗ್ ಆತು. ಅಷ್ಟ ನೆನಪೈತಿ.”

“ಎಲ್ಲಾ ಸಿನಿಮಾದಾಗೂ ಫೈಟಿಂಗ್ ಆಗತೈತಿ.”

ಫಿಜಾಗೆ ಸಿಟ್ಟು ನೆತ್ತಿಗೇರಿತ್ತು. ಏರದೆ ಇನ್ನೇನು? ಯರಗಟ್ಟಿಯ ಹಳೇ ಟಾಕೀಸನ್ನು ಕೆಡವಿ ಅಂಗಡಿ ಕಟ್ಟುತ್ತಾರಂತೆ. “ಅದರ ಇತಿಹಾಸ ನಾಳೆ ಯಾರ್ ಹೇಳತೀರಿ?” ಎಂದು ಮಹಾನಂದಾ ಟೀಚರ್ ಕೇಳಿದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವಳೇ ಇವಳು.

“ನಮ್ಮ ದಾದಿಮಾ ಇಪ್ಪತ್ತೆರಡು ವರ್ಷ ಲೇಡೀಸ್ ಗೇಟ್‌ನಾಗ ಕೆಲಸ ಮಾಡ್ಯಾಳ್ರಿ. ಎಲ್ಲಾ ಸಿನಿಮಾ ನೋಡ್ಯಾಳ್ರಿ,” ಎಂದು ಜಂಬದಿಂದ ಹೇಳಿದ್ದಳು.

ಹಿಂದಿನ ಬೆಂಚಿನ ಸಂಜು ಕಿಸಕ್ಕನೆ ನಕ್ಕಿದ್ದ. “ಗೇಟ್ ಕಾಯೋದೂ ಒಂದ್ ಹಿಸ್ಟರಿ ಏನ? ಪುಕ್ಕಟೆ ಸಿನಿಮಾ ನೋಡಾಕ ಹೋಗಿರತಾಳ.”

ಅದು ನೆನಪಾದರೆ ಈಗಲೂ ಫಿಜಾಳ ಮೈ ಉರಿಯುತ್ತದೆ. ನಾಳೆ ಅರ್ಧಂಬರ್ಧ ಹೇಳಿದರೆ ಆ ಸಂಜು ಸುಮ್ಮನೆ ಬಿಡುವ ಪೈಕಿಯೇ ಅಲ್ಲ.

“ನೀ ಸುಳ್ಳ ಹೇಳಾಕತ್ತಿ. ಟಾಕೀಸಿನಾಗ ಕೆಲಸಾನ ಮಾಡಿಲ್ಲ ನೀ.”

ದಾದಿಮಾಳ ಕೈ ನಿಂತಿತು. “ಮಾಡೇನಿ. ಸಿನಿಮಾ ನೋಡಿಲ್ಲ ಅಷ್ಟ.”

“ಅಂದ್ರ?”

“ಹೆಣ್ಮಕ್ಕಳು ಕೂಸು ಎತಗೊಂಡು ಬರ್ತಿದ್ರು. ಒಳಗ ಕೂಸು ಅತ್ತರ ಸಾಕು, ಗಂಡಸರು ‘ಏ, ಹೊರಗ ಹೋಗ್ರಿ’ ಅಂತ ಒದರೋರು. ಪಾಪ, ಅವರು ಸಿನಿಮಾ ಬಿಟ್ಟು ಎದ್ದು ಬರೋರು. ನನಗ ಭಾಳ ಸಿಟ್ಟು ಬರ್ತಿತ್ತು. ‘ಕೂಸು ಇಲ್ಲೆ ಕೊಡ್ರವಾ, ನೀವು ಹೋಗಿ ನೋಡ್ರಿ’ ಅಂದೆ. ಗೇಟಿನ ಹಿಂದ ಹಳೇ ಸೀರಿ ಕಟ್ಟಿ ತೊಟ್ಟಿಲಾ ಮಾಡಿದೆ. ಒಂದು ಮಲಗಿದ್ರ ಇನ್ನೊಂದು ಏಳೋದು. ತೂಗಕೋತ ಗ್ವಾಡಿ ಆಚೀಕಡಿಂದ ಎಷ್ಟು ಕೇಳತಿತ್ತು, ಅಷ್ಟ ನನ್ನ ಸಿನಿಮಾ.”

“ಇಪ್ಪತ್ತೆರಡು ವರ್ಷದಾಗ ಒಂದೂ ನೋಡಲಿಲ್ಲ?”

“ಇಲ್ಲ.”

“ಮೊದಲ ಯಾಕ ಹೇಳಲಿಲ್ಲ?”

“ನೀ ಸಿನಿಮಾದ್ದು ಕೇಳಿದಿ. ಕೂಸಿನ್ದು ಕೇಳಲಿಲ್ಲ,” ಎಂದು ದಾದಿಮಾ ಮತ್ತೆ ಶೇಂಗಾ ಸುಲಿಯತೊಡಗಿದಳು.

ಫಿಜಾಳ ಸಿಟ್ಟು ಇಳಿಯಲಿಲ್ಲ. ಆದರೆ ಅದು ಈಗ ದಾದಿಮಾಳ ಮೇಲಿರಲಿಲ್ಲ. ಒದರಿದ ಆ ಗಂಡಸರು ಯಾರು, ಈಗೆಲ್ಲಿದ್ದಾರೆ, ಅವರನ್ನು ಹುಡುಕಿ ಬೈದು ಬರಬೇಕು ಅನ್ನಿಸಿತು. ಬರೆದಿದ್ದ ಸಿನಿಮಾ ಹೆಸರುಗಳನ್ನೆಲ್ಲ ಹೊಡೆದು ಹಾಕಿದಳು.

ಮರುದಿನ ಕ್ಲಾಸಿನ ಮುಂದೆ ನಿಂತು ಹೇಳಿದಳು, “ನಿನ್ನೆ ನಾ ತಪ್ಪು ಹೇಳಿದ್ನಿ ಟೀಚರ್. ನಮ್ಮ ದಾದಿಮಾ ಒಂದೂ ಸಿನಿಮಾ ನೋಡಿಲ್ರಿ.”

ಸಂಜು ಬೆಂಚು ಬಡಿದು ನಕ್ಕ. ಅವನ ಜೊತೆ ಇನ್ನೂ ನಾಲ್ಕು ಮಂದಿ ನಕ್ಕರು. ನಗು ಮುಗಿಯುವವರೆಗೂ ಫಿಜಾ ಕಾದಳು.

“ನೋಡಿದ್ದು ನಿಮ್ಮ ಅಜ್ಜಿಗೋಳು,” ಎಂದಳು. “ಹೆಂಗ ನೋಡಿದ್ರು, ಅದನ್ನ ಈಗ ಹೇಳತೇನಿ.”