ಹೂತ ಫೋನಿಗೆ ಬಂದ ಓಟಿಪಿ

"ಸತ್ತೋದ ನಮ್ಮಮ್ಮ ನನ್ನೆಸರಲ್ಲಿ ಸಾಲ ತಗೊಂಡವ್ಳೆ ಮೇಡಂ," ಎಂದಳು ಕಲ್ಪನ.

ಬಂಗಾರಪೇಟೆಯ ಆ ಮನೆಯ ಮುಂಗೋಣೆಯಲ್ಲಿ ನಡುಮಧ್ಯಾಹ್ನದ ಬಿಸಿಲಿತ್ತು. ಆದರೂ ಲಿಖಿತಳ ಮೈ ಜುಮ್ಮೆಂದಿತು. ನಿವೃತ್ತ ಬ್ಯಾಂಕ್ ಅಧಿಕಾರಿ ವೆಂಕಟರತ್ನಮ್ಮನವರನ್ನು ಇಂಥ ಗೋಜಲು ಹೊತ್ತು ಹುಡುಕಿಕೊಂಡು ಬರುವವರು ಹಲವರಿದ್ದರು. ಮಹಡಿಯಲ್ಲಿ ಬಾಡಿಗೆಗಿದ್ದ ಲಿಖಿತ ಜೊತೆಯಲ್ಲಿ ಕೂತು ಎಲ್ಲವನ್ನೂ ಬರೆದಿಡುತ್ತಿದ್ದಳು.

ಕ್ಯಾಸಂಬಳ್ಳಿಯ ಕಲ್ಪನ ಹಸು ಕೊಳ್ಳಲು ಸಾಲ ಕೇಳಿದಾಗ ಬ್ಯಾಂಕಿನವರು ಆಗದು ಎಂದಿದ್ದರು. ಅವಳ ಕ್ರೆಡಿಟ್ ರಿಪೋರ್ಟಿನಲ್ಲಿ ಒಂದೂ ಕಂತು ಕಟ್ಟದ ಸಾಲವಿತ್ತು. ಮಾರ್ಚ್ ಹದಿನಾಲ್ಕರಂದು ಯಾವುದೋ ಆ್ಯಪ್‌ನಲ್ಲಿ ತೆಗೆದದ್ದು. ಓಟಿಪಿ ಹೋಗಿದ್ದು ತಾಯಿ ಮುನಿಶಾಮಮ್ಮನ ನಂಬರಿಗೆ. ಮದುವೆಗೆ ಮುಂಚೆ ಕಲ್ಪನ ತನ್ನ ಆಧಾರ್‌ಗೆ ಕೊಟ್ಟಿದ್ದು ಅದನ್ನೇ. ಆದರೆ ತಾಯಿ ತೀರಿಕೊಂಡದ್ದು ಅದೇ ತಿಂಗಳ ಒಂಬತ್ತರಂದು. ಸತ್ತವರ ಮೆಚ್ಚಿನ ವಸ್ತುವನ್ನು ಜೊತೆಗೇ ಕಳಿಸುವುದು ಅವರ ಮನೆಯ ಪದ್ಧತಿ. ಎಲೆ ಅಡಿಕೆಯೊಂದಿಗೆ ಆ ಫೋನನ್ನೂ ಗುಂಡಿಯಲ್ಲಿಟ್ಟು ಮಣ್ಣು ಮುಚ್ಚಿದ್ದರು. ಕಲ್ಪನಳ ಗಂಡ ವೇಣು ಅದನ್ನು ಕರ್ಚೀಫಿನಲ್ಲಿ ಸುತ್ತಿ ಕೊಟ್ಟಿದ್ದ. ಅಣ್ಣ ಚಲಪತಿ ಗುಂಡಿಗಿಳಿದು ಇಟ್ಟಿದ್ದ.

"ಆಧಾರ್ ಕಾರ್ಡು ನಮ್ಮೆಜಮಾನ್ರ ಬೀರುನಾಗೇ ಇರೋದು. ಅವ್ರೇ ಮಾಡಿದ್ರೆ ನಾ ಆ ಮನೇಗೆ ತಿರ್ಗ ಓಗಲ್ಲ. ನಾಕ್ ದಿನದಿಂದ ಅಣ್ಣನ ಮನೇಲೇ ಇದೀನಿ."

ವೆಂಕಟರತ್ನಮ್ಮ ಕಣ್ಸನ್ನೆ ಮಾಡಿದರು. ಲಿಖಿತ ತಾಯಿಯ ಆ ನಂಬರಿಗೆ ಫೋನು ಮಾಡಿದಳು. ರಿಂಗಾಯಿತು. ಯಾರೋ ಎತ್ತಿದರು. ಮಾತಿಲ್ಲ; ಎಳೆದು ಬಿಡುವ ಉಸಿರು ಮಾತ್ರ. ಆಮೇಲೆ ಕರೆ ಕಡಿಯಿತು.

ಕಲ್ಪನ ಹೋದ ಮೇಲೆ ವೆಂಕಟರತ್ನಮ್ಮ ರಿಪೋರ್ಟನ್ನು ಲಿಖಿತಳತ್ತ ಸರಿಸಿದರು. "ಎಲ್ಲರೂ ಸ್ಕೋರ್ ನೋಡಿ ಮಡಚಿಡ್ತಾರೆ. ನೀನು ವಿಳಾಸ ಓದಮ್ಮ. ಸಾಲ ತಗೊಂಡವರು ಬರೆದುಕೊಟ್ಟ ವಿಳಾಸ ಇದರಲ್ಲಿ ಉಳಿದಿರುತ್ತೆ."

ಮಾರಿಕುಪ್ಪಂ, ಮೈನ್ಸ್ ಲೈನ್, ಮನೆ ೧೧೭. ಮುಚ್ಚಿದ ಚಿನ್ನದ ಗಣಿಯ ಕಾರ್ಮಿಕರ ಹಳೆಯ ಮನೆಸಾಲು ಅದು; ಕಲ್ಪನಳ ತವರುಮನೆಯೂ ಅಲ್ಲೇ.

ಮರುದಿನ ಲಿಖಿತ ರೈಲು ಹತ್ತಿ ಹೋದಳು. ಮುನಿಶಾಮಮ್ಮನ ಮನೆಗೆ ಬೀಗವಿತ್ತು. ಬಾಗಿಲ ಮೇಲಿನ ನಗರಸಭೆಯ ತಗಡಿನಲ್ಲಿ ೪೨ ಎಂದಿತ್ತು. ಸೂರಿಲ್ಲದ ಮನೆಗಳೊಳಗೆ ಗಾಳಿ ನುಗ್ಗಿ ಹೊರಬರುತ್ತಿತ್ತು. ಯಾರೋ ಹಿಂದೆ ಬರುತ್ತಿದ್ದಾರೆಂದು ಎರಡು ಸಲ ತಿರುಗಿ ನೋಡಿದಳು. ಸಾಲು ಅರವತ್ತಕ್ಕೇ ಮುಗಿಯಿತು. ನೂರಾ ಹದಿನೇಳು ಎಲ್ಲೂ ಇರಲಿಲ್ಲ.

"ಇಲ್ಲದ ಮನೆ," ಎಂದಳು ಹಿಂತಿರುಗಿ.

"ಎಲ್ಲರನ್ನೂ ಕರೆಸು," ಎಂದರು ವೆಂಕಟರತ್ನಮ್ಮ.

ಭಾನುವಾರ ಕಲ್ಪನ, ವೇಣು, ಚಲಪತಿ, ಅವನ ಹೆಂಡತಿ ಸುಮಲತ ಬಂದು ಕೂತರು. ದೂರಿನ ಜೊತೆ ಲಗತ್ತಿಸಬೇಕೆಂದು ಹೇಳಿ, ತಾಯಿಮನೆಯ ವಿಳಾಸವನ್ನು ಒಬ್ಬೊಬ್ಬರಿಂದಲೂ ಬೇರೆ ಬೇರೆ ಹಾಳೆಯಲ್ಲಿ ಬರೆಸಲಾಯಿತು. ವೇಣು, ಸುಮಲತ ಬರೆದದ್ದು ೪೨. ಕಲ್ಪನ, ಚಲಪತಿ ಬರೆದದ್ದು ೧೧೭.

"ಈ ೧೧೭ ಅದೇ ಮನೆಗೆ ಗಣಿ ಕಂಪನಿ ಕೊಟ್ಟಿದ್ದ ಹಳೇ ನಂಬರ್," ಎಂದರು ಹಿಂದೆ ಗಣಿ ಕಾರ್ಮಿಕರ ಖಾತೆ ನೋಡಿಕೊಳ್ಳುತ್ತಿದ್ದ ವೆಂಕಟರತ್ನಮ್ಮ. "ಗೋಡೆಯಿಂದ ಅಳಿಸಿ ಎಷ್ಟೋ ವರ್ಷವಾಯ್ತು. ಆ ಮನೆಯಲ್ಲಿ ಹುಟ್ಟಿದವರಿಗೆ ಮಾತ್ರ ಬಾಯಿಗೆ ಬರುತ್ತೆ. ಸೊಸೆ, ಅಳಿಯ ಆಮೇಲೆ ಬಂದವರು. ಕಲ್ಪನ ತಾನೇ ಸಾಲ ತೆಗೆದಿದ್ದರೆ ಈ ರಿಪೋರ್ಟನ್ನು ನನ್ನ ಕೈಗೆ ಕೊಡ್ತಿರಲಿಲ್ಲ. ಫೋನನ್ನು ಕೊನೆಗೆ ಹಿಡಿದದ್ದು ನೀವು, ಚಲಪತಿ. ಮಣ್ಣಿಗೆ ಹೋಗಿದ್ದು ಫೋನು. ಸಿಮ್ ಅಲ್ಲ."

ಚಲಪತಿ ನೆಲ ನೋಡುತ್ತ ಕೂತಿದ್ದ. "ಕಳ್ಳತನಕ್ಕೆ ತೆಗ್ದಿದ್ದಲ್ಲ ಮೇಡಂ. ಅಮ್ಮನ ನಂಬ್ರು ಸತ್ತೋಗ್ಬಾರ್ದು ಅಂತ. ಆಮೇಲೆ ಅಮ್ಮನ ಟ್ರಂಕಲ್ಲಿ ಇವ್ಳ ಆಧಾರ್ ಜೆರಾಕ್ಸು ಸಿಕ್ತು, ಬುದ್ಧಿ ಕೆಡ್ತು. ಅಮ್ಮನಿಗೆ ಅಂತ ಯಾರಾದ್ರೂ ಫೋನ್ ಮಾಡಿದ್ರೆ ಎತ್ತೀನಿ. ಮಾತು ಬರಲ್ಲ."

ಲಿಖಿತಳ ಕಿವಿಯಲ್ಲಿ ಆ ಉಸಿರು ಮತ್ತೆ ಆಡಿತು.

ಸಾಲ ಕೊಟ್ಟವರಿಗೂ ರಿಪೋರ್ಟ್ ತಯಾರಿಸುವ ಸಂಸ್ಥೆಗೂ ಬರೆದ ತಕರಾರು ಸಿದ್ಧವಿತ್ತು; ಖಾಲಿ ಬಿಟ್ಟಿದ್ದ ಜಾಗದಲ್ಲಿ ಲಿಖಿತ ಚಲಪತಿಯ ಹೆಸರು ಬರೆದಳು. ಅಣ್ಣನ ಹೆಸರಿದ್ದ ಸಾಲನ್ನು ಬೆರಳಿಟ್ಟು ಎರಡು ಸಲ ಓದಿ ಕಲ್ಪನ ಸಹಿ ಹಾಕಿದಳು. ನಂತರ ಗಂಡನತ್ತ ತಿರುಗಿದಳು.

"ನನ್ನೇ ಒಂದ್ ಮಾತು ಕೇಳಿದ್ರೆ ಸಾಕಾಗಿತ್ತು," ಎಂದ ವೇಣು.

"ಈಗ ಕೇಳ್ತೀನಿ. ಮನೇಗ್ ಬರ್ಲಾ?"

ಅವನು ಒಂದು ಹೆಲ್ಮೆಟ್ಟನ್ನು ಅವಳ ಮಡಿಲಲ್ಲಿಟ್ಟು ಮೆಟ್ಟಿಲಿಳಿದ. ಕ್ಯಾಸಂಬಳ್ಳಿಯಿಂದ ಒಬ್ಬನೇ ಬಂದವನು ಎರಡು ಹೆಲ್ಮೆಟ್ ತಂದಿದ್ದನೆಂದು ಲಿಖಿತಳಿಗೆ ಆಗ ಹೊಳೆಯಿತು.